ದಫ್ತರದೊಳಗಿನ ಆಡಿನ ಚರ್ಮ

ವಿಡಿಯೊದಲ್ಲಿ ನಾನು ನಿಘಂಟಿನ ಪುಟ ತಿರುವೋದು ಕಾಣ್ತಾ ಇದೆಯಲ್ಲ, ಅದನ್ನ ಮತ್ತೆ ಹೇಳಲ್ಲ. ಇವತ್ತಿನ ಪದ ದಫ್ತರ. ಕನ್ನಡದಲ್ಲಿ ಕಚೇರಿಯ ಕಾಗದಪತ್ರಗಳ ಕಟ್ಟು. ಹಿಂದಿಯಲ್ಲಿ ಕಚೇರಿಯೇ ದಫ್ತರ್, ಕಟ್ಟು ಇಟ್ಟ ಕೋಣೆಗೂ ಕಟ್ಟಿನ ಹೆಸರೇ ಅಂಟಿಕೊಂಡಿತು. ಮರಾಠಿ ಮಕ್ಕಳಿಗೆ ಇದೇ ಪದ ಶಾಲೆ ಚೀಲ.

ಇಲ್ಲೇ ತಲೆನೋವು ಶುರು. ನಿಘಂಟಲ್ಲಿ 'ದಫ್ತರ' ಅಂತ ಹುಡುಕಿ ಸಿಗಲಿಲ್ಲ ಅಂತ ಪುಸ್ತಕ ಮುಚ್ಚಬೇಡಿ. ಫಾರಸಿಯ ಫ ನಮ್ಮ ಬಾಯಲ್ಲಿ ಪ ಆಗುತ್ತೆ, ಕೊನೆ ಸ್ವರ ಒಮ್ಮೆ ಅ, ಒಮ್ಮೆ ಉ. ಹಾಗಾಗಿ ದಫ್ತರ, ದಫ್ತರು, ದಪ್ತರ, ದಪ್ತರು, ನಾಲ್ಕನ್ನೂ ನೋಡಬೇಕು. ಅಕಾರಾದಿಯಲ್ಲಿ ಪ, ಫ ಅಕ್ಕಪಕ್ಕದವೇ, ಆದ್ರೂ ದಪ್ಪನೆ ನಿಘಂಟಲ್ಲಿ ಪುಟವೇ ಬೇರೆಯಾಗಿಬಿಡಬಹುದು. ಒಂದು ಕಡೆ ನೋಡಿ 'ಕನ್ನಡದಲ್ಲಿ ಈ ಪದವೇ ಇಲ್ಲ' ಅಂತ ತೀರ್ಪು ಕೊಡೋರಿದ್ದಾರಲ್ಲ, ಅವರ ತಪ್ಪು ಇಷ್ಟೇ.

ಇನ್ನೊಂದು ಕಿರಿಕಿರಿ ದಫೇದಾರ. ದಫ್ತರ ಕಾಯೋನು ದಫೇದಾರ ಅಂತ ಧೈರ್ಯವಾಗಿ ಬರೀತಾರೆ. ಅಲ್ಲ ಸ್ವಾಮಿ! ಅದು ಅರಬ್ಬಿಯ ದಫಾದಿಂದ ಬಂದದ್ದು, 'ಎರಡು ದಫೆ' ಅಂತೀವಲ್ಲ, ಆ ದಫೆ. ಇಬ್ಬರೂ ಒಂದೇ ಕಚೇರಿಯಲ್ಲಿ ಇದ್ದದ್ದಕ್ಕೆ ನೆಂಟರಾಗಲ್ಲ. ಪದಕ್ಕೆ ಪದ ಹೋಲುತ್ತೆ ಅನ್ನೋದು ಸಾಕ್ಷಿಯಲ್ಲ. ಹಳೆಯ ರೂಪ, ಹಳೆಯ ಅರ್ಥ, ಬಂದ ದಾರಿ, ಮೂರೂ ಕೂಡಿಬರಬೇಕು.

ಇರಿ, ಫೋಕಸ್ ಹೋಯ್ತು. ಹಾಂ.

ದಾರಿಗೆ ಬರೋಣ. ದಫ್ತರ ನಮಗೆ ಬಂದದ್ದು ಫಾರಸಿ ಆಡಳಿತದ ಜೊತೆ. ಅದರ ಹಿಂದೆ ಗ್ರೀಕಿನ ದಿಫ್ಥೆರಾ, ಅಂದ್ರೆ ಹದ ಮಾಡಿದ ಚರ್ಮ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ತನ್ನ ಐದನೇ ಪುಸ್ತಕದಲ್ಲಿ ಹೇಳ್ತಾನೆ: ಅಯೋನಿಯದ ಗ್ರೀಕರು ಪಪೈರಸ್ ಅನ್ನೋ ಜೊಂಡಿನ ಹಾಳೆಗೂ 'ಚರ್ಮ' ಅಂತಲೇ ಕರೀತಾರೆ, ಯಾಕಂದ್ರೆ ಒಂದು ಕಾಲಕ್ಕೆ ಪಪೈರಸ್ ಸಿಗದೆ ಆಡು, ಕುರಿ ಚರ್ಮದ ಮೇಲೆ ಬರೀತಿದ್ರು. ಸಾಮಗ್ರಿ ಬದಲಾಯ್ತು, ಹೆಸರು ಉಳೀತು.

ಗಂಟಲಮಾರಿಗೆ ಡಿಫ್ತೀರಿಯಾ ಅನ್ನೋದೂ ಇದೇ ಬೇರಿಂದ. ಗಂಟಲಲ್ಲಿ ತೊಗಲಿನಂಥ ಪೊರೆ ಕಟ್ಟುತ್ತೆ, ಅದಕ್ಕೇ ಫ್ರಾನ್ಸಿನ ವೈದ್ಯ ಬ್ರೆಟೊನೊ 1826ರಲ್ಲಿ ಆ ಹೆಸರಿಟ್ಟ. ಲೆಕ್ಕದ ಕಟ್ಟಿಗೂ ಗಂಟಲ ರೋಗಕ್ಕೂ ಒಂದೇ ಅಜ್ಜಿ.

ಅರಬ್ಬಿ, ತುರ್ಕಿ, ಆಫ್ರಿಕಾದ ಸ್ವಾಹಿಲಿಯಲ್ಲಿ ದಫ್ತರ ಅಂದ್ರೆ ಬರೆಯೋ ಪುಸ್ತಕ. ತುರ್ಕಿಯಲ್ಲಿ ಪ್ರಾಂತ್ಯದ ಹಣಕಾಸು ಅಧಿಕಾರಿ ಇವತ್ತಿಗೂ ದೆಫ್ತರ್‌ದಾರ್. ಇಂಡೋನೇಷ್ಯನ್‌ನಲ್ಲಿ ದಫ್ತರ್ ಅಂದ್ರೆ ಪಟ್ಟಿ, ಮೆನ್‌ದಫ್ತರ್ ಅಂದ್ರೆ ಹೆಸರು ನೋಂದಾಯಿಸು. ಅಲ್ಲಿ ಪುಸ್ತಕಗಳ ಕೊನೆಗೆ ಗ್ರಂಥಋಣ ಕೊಡೋ ಪುಟದ ಮೇಲೆ 'ದಫ್ತರ್ ಪುಸ್ತಕ' ಅಂತಿರುತ್ತೆ. ಮಜಾ ಇರೋದು ಇಲ್ಲೇ. ಸಂಸ್ಕೃತದ 'ಪುಸ್ತಕ'ವೂ ಇರಾನಿ ಭಾಷೆಗಳ 'ಪೋಸ್ತ್', ಅಂದ್ರೆ ತೊಗಲು, ಅದರಿಂದ ಬಂದದ್ದು ಅನ್ನೋದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಾದ್ರೆ ಆ ಶೀರ್ಷಿಕೆ ಬರೀ 'ಚರ್ಮ ಚರ್ಮ'!

ಇದೆಲ್ಲ ಯಾಕೆ, ನಮ್ಮ ಕಡತ ಸಾಲದೇ ಅಂತ ಅನ್ನಿಸಿತ್ತು. ಈಗ ಹಾಗನ್ನಲ್ಲ, ಕಡತದ್ದೂ ಇದೇ ಕತೆ. ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆದು ಮಡಚಿ ಇಡ್ತಿದ್ರು. ಈಗ ಕಂಪ್ಯೂಟರಿನ ಫೈಲಿಗೂ ಕಡತ ಅಂತೀವಿ, ಬಟ್ಟೆ ಯಾರಿಗೂ ನೆನಪಿಲ್ಲ. ಅಯ್ಯೋ, ಬ್ಯಾಟರಿ ಕೆಂಪು ತೋರಿಸ್ತಿದೆ. ಮುಂದಿನ ಪದ ಸಾಬೂನು, ಅದನ್ನ ಪ ಮತ್ತು ಬ ಎರಡರಲ್ಲೂ ಹುಡುಕಿಟ್ಟಿರಿ.