ಎರಡು ವಾರ ತಾಳಿ ಅಂದವರು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಮೇ ತಿಂಗಳಲ್ಲಿ ವಿದೇಶದ ಒಂದು ಆನ್‌ಲೈನ್ ಅಂಗಡಿಯಲ್ಲಿ ರೇನ್‌ಕೋಟಿಗೆ ಆರ್ಡರ್ ಹಾಕಿದೆ. ದುಡ್ಡು ಕಾರ್ಡಿನಲ್ಲಿ ಕಟ್ಟಿದೆ. ಜೂನ್ 7ರೊಳಗೆ ತಲುಪುತ್ತದೆ ಎಂದಿದ್ದರು. ಅಂದರೆ ಮೃಗಶಿರ ಮಳೆ ಹಿಡಿಯುವ ಮೊದಲು. ಬರಲಿಲ್ಲ. ಕೇಳಿದರೆ, ‘ಇನ್ನೆರಡು ವಾರ ತಾಳಿ’ ಎಂಬ ಉತ್ತರ. ನಮ್ಮ ಒಂದೊಂದು ಮಳೆ ನಕ್ಷತ್ರವೂ ಹೆಚ್ಚುಕಡಿಮೆ ಎರಡು ವಾರವೇ, ಅಲ್ವಾ? ಮೃಗಶಿರ ಹೋಯಿತು. ಆರಿದ್ರಾ ಆರದೆ ಹೊಯ್ಯಿತು. ಪುನರ್ವಸುವೂ ಮುಗಿಯಿತು. ಪ್ರತಿ ಸಲವೂ ಅದೇ ಸಿಹಿ ಮಾತು, ಅದೇ ಎರಡು ವಾರ.

ಈ ಸಿಹಿ ಮಾತಿನಲ್ಲೇ ಇರುವುದು ಪೇಚು. ಕಾರ್ಡಿನಲ್ಲಿ ಕಟ್ಟಿದ ಹಣಕ್ಕೆ ಬ್ಯಾಂಕಿನಲ್ಲಿ ತಕರಾರು ಹಾಕಿ ವಾಪಸು ಕೇಳಬಹುದು. ಬ್ಯಾಂಕಿನವರು ಅದನ್ನು ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಆದರೆ ಅದಕ್ಕೊಂದು ಗಡುವಿದೆ. ಸಾಮಾನು ಬರಲಿಲ್ಲ ಎಂಬ ದೂರಿಗೆ ವೀಸಾ, ಮಾಸ್ಟರ್‌ಕಾರ್ಡ್ ಕೊಡುವುದು ಸಾಮಾನ್ಯವಾಗಿ 120 ದಿನ, ತಲುಪಿಸುತ್ತೇವೆ ಎಂದ ತಾರೀಖಿನಿಂದ. ಕೆಲವು ಬ್ಯಾಂಕುಗಳು ಅದಕ್ಕೂ ಬೇಗ ಬನ್ನಿ ಅನ್ನುತ್ತವೆ, ಮೊದಲೇ ಕೇಳಿಕೊಳ್ಳಿ. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯಲ್ಲಿ ಕಟ್ಟಿದ್ದರೆ, ಕಟ್ಟಿದ ದಿನದಿಂದ 180 ದಿನ. ನೀವು ಸುಮ್ನೆ ತಾಳುತ್ತಾ ಕೂತರೆ ಈ ದಿನಗಳೇ ಕರಗುವುದು.

ಪುಷ್ಯ ಮಳೆಯಲ್ಲಿ ಕೊಡೆ ಹಿಡಿದು ಬ್ಯಾಂಕಿಗೆ ಹೋದೆ. ಆರ್ಡರಿನ ಪ್ರತಿ, ಜೂನ್ 7 ಎಂದು ಕಾಣುವ ಸ್ಕ್ರೀನ್‌ಶಾಟ್, ಅವರ ‘ತಾಳಿ’ ಪತ್ರಗಳು, ಎಲ್ಲವನ್ನೂ ಕೊಟ್ಟೆ. ಅಂಗಡಿಯವರು ಒಂದು ಟ್ರ್ಯಾಕಿಂಗ್ ನಂಬರ್ ಮುಂದೆ ಹಿಡಿದರು. ತೆಗೆದು ನೋಡಿದರೆ ವಿಳಾಸದ ಚೀಟಿ ಮಾತ್ರ ತಯಾರಾಗಿದೆ, ಪೊಟ್ಟಣ ಹೊರಟೇ ಇಲ್ಲ! ಅದರ ಚಿತ್ರವನ್ನೂ ಸೇರಿಸಿದೆ.

ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. 1915 ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಭಾರತದವರಿಗೆ ವ್ಯವಸ್ಥಿತವಾಗಿ ಮಾರುವ ಹೊರದೇಶದ ಅಂಗಡಿಗಳಿಗೂ ನಮ್ಮ 2020ರ ಇ-ಕಾಮರ್ಸ್ ನಿಯಮ ಅನ್ವಯಿಸುತ್ತದೆ. ಆದರೂ ನನ್ನನ್ನು ಕೇಳಿದರೆ, ಕೈಗೆ ಸಿಗದ ಅಂಗಡಿಯ ಬೆನ್ನು ಹತ್ತುವುದಕ್ಕಿಂತ ಬ್ಯಾಂಕಿನ ಬಾಗಿಲು ತಟ್ಟುವುದೇ ಸಲೀಸು.

ಮಖಾ ಮಳೆಯಲ್ಲಿ ಒಂದು ದಿನ ಪೋಸ್ಟ್‌ಮನ್ ಪೊಟ್ಟಣ ತಂದೇಬಿಟ್ಟರು! ತಕರಾರು ನಡೆಯುವಾಗ ಸಾಮಾನು ಬಂದರೆ ಮುಚ್ಚಿಡಬೇಡಿ. ಕೋಟೂ ಬೇಕು, ದುಡ್ಡೂ ಬೇಕು ಅಂದರೆ ಆಗುವುದಿಲ್ಲ. ನಾನು ಬಿಚ್ಚಲಿಲ್ಲ. ಬ್ಯಾಂಕಿಗೆ ತಿಳಿಸಿದೆ. ವಾಪಸು ಕಳಿಸುತ್ತೇನೆ, ವಿಳಾಸ ಕೊಡಿ ಎಂದು ಅಂಗಡಿಗೆ ಬರೆದೆ. ಉತ್ತರ ಬರಲಿಲ್ಲ. ಆ ಪತ್ರವನ್ನೂ ಬ್ಯಾಂಕಿಗೆ ಕೊಟ್ಟೆ. ದಸರಾ ಹೊತ್ತಿಗೆ ದುಡ್ಡು ಖಾತೆಗೆ ಬಂತು.

ಪೊಟ್ಟಣ ಇನ್ನೂ ಅಟ್ಟದ ಮೇಲಿದೆ. ಅವರು ಎಂದಾದರೂ ವಿಳಾಸ ಕಳಿಸಿಯಾರು ಅಂತ ಬಿಚ್ಚಿಲ್ಲ. ನಮಸ್ಕಾರ.