ಓಡದ ಕಾರ್ವೆಟ್‌ಗೆ ಯಾಕೆ ಅಷ್ಟು ದುಡ್ಡು?

ನಮಸ್ಕಾರ. ಇವತ್ತಿನ ಮಾತು ಕೆಲವು ಕಾರುಪ್ರಿಯರಿಗೆ ಹಿಡಿಸುವುದಿಲ್ಲ. ಪರವಾಗಿಲ್ಲ. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಹಳೇ ಅಮೆರಿಕನ್ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಮೊದಲು ಏನು ನೋಡುತ್ತಾರೆ? ಇಂಜಿನ್ ಅಲ್ಲ, ಫ್ರೇಮ್ ಅಲ್ಲ. ಓಡೋಮೀಟರ್, ಅಂದರೆ ಕಾರು ಎಷ್ಟು ಮೈಲಿ ಓಡಿದೆ ಅಂತ ತೋರಿಸುವ ಮೀಟರ್. ಹರಾಜಿನ ಜಾಹೀರಾತಿನಲ್ಲೂ ಎದ್ದು ಕಾಣುವುದು ಅದೇ. ಕಾರಿಗೆ 40 ವರ್ಷ, ಓಡಿರುವುದು ಬರೀ 900 ಮೈಲಿ ಅಂದರೆ ಸಾಕು, ಜನ ಮುಗಿಬೀಳುತ್ತಾರೆ. ನಾನು ಹೇಳುವುದು ಇಷ್ಟೇ: ನೀವು ಮ್ಯೂಸಿಯಂ ಕಟ್ಟುತ್ತಿಲ್ಲ ಅಂದರೆ, ಆ ಸಂಖ್ಯೆಗೋಸ್ಕರ ಜಾಸ್ತಿ ದುಡ್ಡು ಕೊಡಬೇಡಿ.

ಯಾಕೆ ಅನ್ನುವುದಕ್ಕೆ ಅಮೆರಿಕದ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು, 1978ರ ಕಾರ್ವೆಟ್ ಕಥೆ ಕೇಳಬೇಕು. ಆ ವರ್ಷ ಕಾರ್ವೆಟ್‌ಗೆ 25 ತುಂಬಿತ್ತು. ಇಂಡಿಯಾನಾಪೊಲಿಸ್ 500 ರೇಸಿನಲ್ಲಿ, ಶುರುವಿಗೆ ಎಲ್ಲ ಕಾರುಗಳ ಮುಂದೆ ಓಡುವ ಪೇಸ್ ಕಾರ್ ಆಗುವ ಅವಕಾಶ ಮೊದಲ ಸಲ ಕಾರ್ವೆಟ್‌ಗೆ ಸಿಕ್ಕಿತು. ಷೆವರ್ಲೆ ಅದರ ನೆನಪಿಗೆ ಒಂದು ವಿಶೇಷ ಆವೃತ್ತಿ ತಂದಿತು. ಮೇಲ್ಭಾಗ ಕಪ್ಪು, ಕೆಳಭಾಗ ಬೆಳ್ಳಿ ಬಣ್ಣ, ನಡುವೆ ತೆಳುವಾದ ಕೆಂಪು ಗೆರೆ. ಮೊದಲು ಸ್ವಲ್ಪವೇ ಮಾಡುವ ಯೋಚನೆ ಇತ್ತು. ಆಮೇಲೆ ಡೀಲರುಗಳಿಗೆ ತಲಾ ಒಂದಾದರೂ ಕೊಡಬೇಕು ಅಂತಾಯಿತು. ಅಮೆರಿಕದಲ್ಲಿ ಷೆವರ್ಲೆ ಡೀಲರುಗಳು ಆಗ ಆರು ಸಾವಿರಕ್ಕೂ ಹೆಚ್ಚು. ಹಾಗಾಗಿ ಕೊನೆಗೆ ತಯಾರಾದದ್ದು 6,502 ಕಾರುಗಳು.

ಮಾಮೂಲಿ ಕಾರ್ವೆಟ್ ಬೆಲೆ 9,351 ಡಾಲರ್. ಇದರ ಪಟ್ಟಿ ಬೆಲೆ 13,653 ಡಾಲರ್. ಆದರೆ ಆ ಬೆಲೆಗೆ ಯಾರಿಗೆ ಸಿಕ್ಕೀತು? ಮಾರ್ಚ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಈ ಕಾರಿನ ಹುಚ್ಚಿನ ಬಗ್ಗೆ ಬರೆಯಿತು. ಅಲ್ಲಿಂದ ಬೆಂಕಿಗೆ ತುಪ್ಪ ಸುರಿದಂತಾಯಿತು. ಡೀಲರುಗಳು ಎರಡು ಪಟ್ಟು ಕೇಳಿದರು, ಜನ ಕೊಟ್ಟರು. ಮಾಮೂಲಿ ಕಾರ್ವೆಟ್‌ಗೆ ಕಪ್ಪು-ಬೆಳ್ಳಿ ಬಣ್ಣ ಬಳಿದು ಮಾರುವವರೂ ಹುಟ್ಟಿಕೊಂಡರು. ಇವತ್ತಿಗೂ ಅಂಥ ನಕಲಿಗಳು ಕಣ್ಣಿಗೆ ಬೀಳುತ್ತವೆ. ಹಿಡಿಯುವುದು ಸುಲಭ. ಅಸಲಿ ಪೇಸ್ ಕಾರಿಗೆ ಕಂಪನಿ ಬೇರೆಯೇ ಸರಣಿ ಕೊಟ್ಟಿತ್ತು. ಅದರ ಗುರುತಿನ ಸಂಖ್ಯೆಯ ಕೊನೆಯ ಆರು ಅಂಕಿ 9ರಿಂದ ಶುರುವಾಗುತ್ತವೆ.

ಕೊಂಡವರು ಏನು ಮಾಡಿದರು? ಬಹಳ ಜನ ನೇರವಾಗಿ ಗ್ಯಾರೇಜಿಗೆ ತಂದು, ಬಟ್ಟೆ ಹೊದಿಸಿ ನಿಲ್ಲಿಸಿದರು. ಮಕ್ಕಳ ಕಾಲೇಜಿಗೆ ಆಗುತ್ತದೆ ಅಂತ. ಎಲ್ಲರೂ ಹೀಗೆ ಮಾಡಿದರೆ ಏನಾಗುತ್ತದೆ ಹೇಳಿ? ಓಡದೇ ಇರುವ ಕಾರ್ವೆಟ್ ಅಪರೂಪವೇ ಅಲ್ಲ ಅಂತಾಗುತ್ತದೆ. ಇವತ್ತಿಗೂ ಕೆಲವೇ ಮೈಲಿ ಓಡಿದ 1978ರ ಪೇಸ್ ಕಾರುಗಳು ಒಂದರ ಹಿಂದೊಂದು ಮಾರಾಟಕ್ಕೆ ಬರುತ್ತಲೇ ಇವೆ. ಅಂದಿನ 13,653 ಡಾಲರ್ ಅಂದರೆ ಇಂದಿನ ಲೆಕ್ಕಕ್ಕೆ 60 ಸಾವಿರಕ್ಕೂ ಜಾಸ್ತಿ. ಅಷ್ಟು ಬೆಲೆ ಮುಟ್ಟುವ ಪೇಸ್ ಕಾರು ಸಿಗುವುದೇ ಕಷ್ಟ. ಎರಡು ಪಟ್ಟು ಕೊಟ್ಟು ಕೊಂಡವರ ಪಾಡು ನೀವೇ ಲೆಕ್ಕ ಹಾಕಿ. ಇನ್ಶೂರೆನ್ಸು, ಗ್ಯಾರೇಜಿನ ಜಾಗ ಇದೆಲ್ಲ ಬೇರೆ.

'ನೆಬ್ರಾಸ್ಕಾದಲ್ಲಿ 80 ಸಾವಿರ ಡಾಲರ್ ಬಂತಲ್ಲ' ಅಂತ ಕೆಲವರು ಕೇಳಬಹುದು. ಬಂತು, ನಿಜ. 2013ರ ಸೆಪ್ಟೆಂಬರ್‌ನಲ್ಲಿ ಪಿಯರ್ಸ್ ಅನ್ನುವ ಸಣ್ಣ ಊರಿನಲ್ಲಿ ಲ್ಯಾಂಬ್ರೆಕ್ಟ್ ಅನ್ನುವ ಹಳೇ ಷೆವರ್ಲೆ ಡೀಲರ್ ಕೂಡಿಟ್ಟ ಸುಮಾರು 500 ವಾಹನಗಳ ಹರಾಜು ನಡೆಯಿತು. ಮಾರಾಟವಾಗದೆ ಉಳಿದ ಹೊಸ ಕಾರುಗಳನ್ನು ಆತ ಹಾಗೇ ಇಟ್ಟುಕೊಂಡಿದ್ದರು. ಸುಮಾರು ಐವತ್ತು ಕಾರುಗಳು ಹತ್ತು ಮೈಲಿಯೂ ಓಡಿರಲಿಲ್ಲ. ಸಾವಿರಾರು ಜನ ಸೇರಿದ್ದರು, ಟಿವಿ ಕ್ಯಾಮರಾಗಳಿದ್ದವು, ಊರಿಗೆ ಊರೇ ಜಾತ್ರೆ. ಅಲ್ಲಿ 4 ಮೈಲಿ ಓಡಿದ ಪೇಸ್ ಕಾರು 80 ಸಾವಿರಕ್ಕೆ ಹೋಯಿತು. ಆ ಜಾತ್ರೆಯ ಬೆಲೆ ನಿಮ್ಮ ಗ್ಯಾರೇಜಿನ ಕಾರಿಗೆ ಬರುವುದಿಲ್ಲ.

ಇನ್ನೊಂದು ಕಡೆ ನೋಡಿ. 1967ರ ಕಾರ್ವೆಟ್ ಎಲ್‌88. ಆ ವರ್ಷ ತಯಾರಾದದ್ದು ಬರೀ 20. ರೇಸಿಗೋಸ್ಕರವೇ ಮಾಡಿದ ಇಂಜಿನ್ ಅದು. ರೇಡಿಯೊ ಇಲ್ಲ, ಹೀಟರ್ ಇಲ್ಲ. 103 ಆಕ್ಟೇನ್‌ಗಿಂತ ಕಡಿಮೆ ಪೆಟ್ರೋಲ್ ಹಾಕಿದರೆ ಇಂಜಿನ್ ಹಾಳು ಅಂತ ಒಳಗೆ ಎಚ್ಚರಿಕೆ ಅಂಟಿಸಿದ್ದರು. ಕಂಪನಿ ಕಾಗದದಲ್ಲಿ ತೋರಿಸಿದ್ದು 430 ಅಶ್ವಶಕ್ತಿ, ನಿಜಕ್ಕೂ 500 ದಾಟುತ್ತಿತ್ತು. ಮಾಮೂಲಿ ಜನ ಕೊಳ್ಳದಿರಲಿ ಅಂತಲೇ ಕಡಿಮೆ ಬರೆದರು ಅನ್ನುವ ಮಾತಿದೆ. ಇದನ್ನು ಕೊಂಡವರು ಕೂಡಿಡಲು ಕೊಳ್ಳಲಿಲ್ಲ. ಕೆಲವನ್ನು ರೇಸಿನಲ್ಲಿ ಓಡಿಸಿದರು, ಜಜ್ಜಿದರು, ಇಂಜಿನ್ ಕಿತ್ತು ಹಾಕಿದರು. 2014ರಲ್ಲಿ ಬ್ಯಾರೆಟ್-ಜಾಕ್ಸನ್ ಹರಾಜಿನಲ್ಲಿ ಅಂಥದ್ದೊಂದಕ್ಕೆ 38.5 ಲಕ್ಷ ಡಾಲರ್ ಬಂತು. ಕಾರಿನ ಬೆಲೆ ಏರಿಸಿದ್ದು ಆ ಕಾರಿನ ಗುಣ ಮತ್ತು ಉಳಿದಿರುವ ಕಾರುಗಳ ಎಣಿಕೆ. ಪೇಸ್ ಕಾರಿನ ಮಾಮೂಲಿ ಇಂಜಿನ್‌ಗೆ ಇದ್ದದ್ದು 185 ಅಶ್ವಶಕ್ತಿ. ರೇಸಿನ ಮುಂದೆ ಓಡುವ ಕಾರು ಅಂತೆ!

ಸರಿ, ದುಡ್ಡಿನ ಮಾತು ಬಿಡೋಣ. ನಿಂತ ಕಾರಿಗೆ ಏನಾಗುತ್ತದೆ ಅನ್ನುವುದು ನನಗೆ ಅದಕ್ಕಿಂತ ಮುಖ್ಯ. ಟ್ರಂಕಿನಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆ ಸೀರೆ ನೋಡಿದ್ದೀರಲ್ವಾ? ಒಂದು ಸಲವೂ ಉಡದಿದ್ದರೂ ಮಡಿಕೆಯಲ್ಲೇ ಸೀಳುತ್ತದೆ. ಕಾರೂ ಹಾಗೇ. 1965ರಿಂದ 1982ರವರೆಗಿನ ಕಾರ್ವೆಟ್‌ಗಳ ಬ್ರೇಕ್ ಇದಕ್ಕೆ ಕುಖ್ಯಾತ. ನಾಲ್ಕೂ ಚಕ್ರಕ್ಕೆ ಡಿಸ್ಕ್, ಡಿಸ್ಕನ್ನು ಒತ್ತಿ ಹಿಡಿಯುವ ಒಂದೊಂದು ಕ್ಯಾಲಿಪರಿನಲ್ಲಿ ನಾಲ್ಕು ಪಿಸ್ಟನ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಕಾರು ನಿಂತೇ ಇದ್ದರೆ ಆ ತೇವ ಕ್ಯಾಲಿಪರಿನ ಎರಕದ ಕಬ್ಬಿಣದ ಒಳಗೋಡೆಯನ್ನು ತಿನ್ನುತ್ತದೆ. ಗೋಡೆ ಗುಳಿ ಬಿದ್ದ ಮೇಲೆ ಸೀಲ್ ಹಿಡಿಯುವುದಿಲ್ಲ, ಆಯಿಲ್ ಸೋರುತ್ತದೆ. ಅದಕ್ಕೇ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ (ಸ್ಲೀವ್) ಹಾಕಿಸುವ ರಿಪೇರಿ ಅಲ್ಲಿ ಅಷ್ಟೊಂದು ಮಾಮೂಲಾಗಿದೆ. 1968ರಿಂದ 1982ರವರೆಗಿನ ಮಾಡೆಲ್‌ಗಳಲ್ಲಿ ಹೆಡ್‌ಲೈಟು ಮೇಲೇಳುವುದು ವ್ಯಾಕ್ಯೂಮ್‌ನಿಂದ. ರಬ್ಬರ್ ಪೈಪು ಬಿರಿದರೆ ಒಂದು ಕಣ್ಣು ತೆರೆದು ಇನ್ನೊಂದು ಮುಚ್ಚಿಕೊಂಡಿರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ. ಇಂಜಿನ್ನಿನ ಆಯಿಲ್ ಸೀಲುಗಳು ಒಣಗುತ್ತವೆ. ಟೈರಿನ ಮೇಲಿನ ಗೀರುಗಳೆಲ್ಲ ಹೊಸದರಂತೆ ಇರುತ್ತವೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಅದರ ಮೇಲೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಧೈರ್ಯ ನನಗಿಲ್ಲ.

ಇನ್ನು ತುಕ್ಕು. ಕಾರ್ವೆಟ್ ಬಾಡಿ ಫೈಬರ್‌ಗ್ಲಾಸ್, ತುಕ್ಕೇ ಹಿಡಿಯುವುದಿಲ್ಲ ಅಂತ ಮಾರುವವರು ಹೇಳುತ್ತಾರೆ. ಬಾಡಿ ಹಿಡಿಯುವುದಿಲ್ಲ, ಸರಿ. ಕೆಳಗಿನ ಫ್ರೇಮ್ ಉಕ್ಕಿನದು. ಮುಂದಿನ ಗಾಜಿನ ಸುತ್ತ, ಬಾಗಿಲ ಕಂಬದ ಒಳಗೆ ಇರುವ ಪಂಜರವೂ ಉಕ್ಕಿನದೇ. ಹೊರಗಿನ ಬಣ್ಣ ಫಳಫಳ ಅನ್ನುತ್ತಿರುವಾಗಲೇ ಒಳಗೆ ಆ ಪಂಜರ ಪುಡಿಪುಡಿಯಾಗಿರಬಹುದು. ತೇವದ ಶೆಡ್ಡಿನಲ್ಲಿ ನಿಂತ 2,000 ಮೈಲಿಯ ಕಾರಿಗಿಂತ, ಅರಿಜೋನಾದ ಒಣ ಹವೆಯಲ್ಲಿ 60 ಸಾವಿರ ಮೈಲಿ ಓಡಿದ ಕಾರು ಎಷ್ಟೋ ವಾಸಿ.

ಓಡೋಮೀಟರ್ ಸಂಖ್ಯೆಯನ್ನು ನಂಬುವುದಾದರೂ ಹೇಗೆ? ಆ ಕಾಲದ ಮೀಟರ್‌ಗಳಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ಮೀಟರ್ ತಿರುಗಿಸುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆದದ್ದು 1972ರಲ್ಲಿ. ಅದೂ ಇಷ್ಟು ಹಳೇ ಕಾರುಗಳ ಮಾರಾಟದಲ್ಲಿ ಮೈಲಿ ಬರೆದುಕೊಡುವ ಕಡ್ಡಾಯವಿಲ್ಲ. ಹಾಗಾಗಿ ಮಾಲೀಕತ್ವದ ಕಾಗದದಲ್ಲಿ ನಿಮಗೆ ಏನೂ ಸಿಗದೇ ಇರಬಹುದು. ನಂಬಬೇಕಾದದ್ದು ಬೇರೆ ಸಾಕ್ಷಿ. ಬ್ರೇಕ್ ಪೆಡಲಿನ ರಬ್ಬರ್ ಸವೆದಿದೆಯಾ? ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯಾ? ವರ್ಷಾವರ್ಷ ತಪಾಸಣೆ ಮಾಡಿಸುವ ರಾಜ್ಯದ ಕಾರಾದರೆ ಆ ಚೀಟಿಗಳಲ್ಲಿ ಮೈಲಿ ಬರೆದಿರುತ್ತಾರೆ, ಅವನ್ನು ಕೇಳಿ. 1967ರಿಂದಾಚೆಗೆ ಕಾರ್ವೆಟ್ ಪೆಟ್ರೋಲ್ ಟ್ಯಾಂಕಿನ ಮೇಲೆ ಕಾರ್ಖಾನೆಯವರೇ ಒಂದು ಕಾಗದ ಅಂಟಿಸುತ್ತಿದ್ದರು. ಕಾರಿಗೆ ಯಾವ ಇಂಜಿನ್, ಏನೇನು ಸೌಲಭ್ಯ ಅನ್ನುವುದೆಲ್ಲ ಅದರಲ್ಲಿದೆ. ಟ್ಯಾಂಕ್ ಇಳಿಸಿ ನೋಡಲು ಮಾರುವವರು ಒಪ್ಪಿದರೆ ಅರ್ಧ ಅನುಮಾನ ಅಲ್ಲೇ ಕಳೆಯಿತು.

ಹಾಗಾದರೆ ಓಡದ ಕಾರಿನಿಂದ ಪ್ರಯೋಜನವೇ ಇಲ್ಲವಾ? ಇದೆ, ಒಂದು ದೊಡ್ಡ ಪ್ರಯೋಜನ ಇದೆ. ಹೊಸದಾಗಿ ಬಣ್ಣ ಹೊಡೆಸಿದ ಹಳೇ ಕಾರ್ವೆಟ್‌ಗಳು ಕಾರ್ಖಾನೆಯಿಂದ ಬಂದಾಗ ಇದ್ದದ್ದಕ್ಕಿಂತ ಚೆನ್ನಾಗಿರುತ್ತವೆ. ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ಬಣ್ಣ ಅಲ್ಲಲ್ಲಿ ಒರಟಾಗಿರುತ್ತಿತ್ತು, ಸಂದಿಗಳು ಒಂದೇ ಸಮ ಇರುತ್ತಿರಲಿಲ್ಲ, ತಪಾಸಣೆಯವರು ಬಳಪದಲ್ಲಿ ಗೀಚಿದ ಗುರುತು ಹಾಗೇ ಉಳಿಯುತ್ತಿತ್ತು. ಆ ಒರಟುತನ ಹೇಗಿತ್ತು ಅಂತ ತಿಳಿಯಲು ಮುಟ್ಟದೇ ಉಳಿದ ಕಾರು ಬೇಕೇ ಬೇಕು. 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ ಕಾರುಗಳಿಗೆ ಅಂಕ ಕೊಡುವುದೇ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗಿದೆಯಾ ಅಂತ ನೋಡಿ. ಆದರೆ ಆ ಕೆಲಸಕ್ಕೆ ಪ್ರತಿ ಮಾಡೆಲ್‌ಗೆ ಬೆರಳೆಣಿಕೆಯಷ್ಟು ಕಾರು ಸಾಕಲ್ವಾ? ಸಾವಿರಾರು ಯಾಕೆ?

ಕೂಡಿಡುವ ಹುಚ್ಚು ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ಕಲಾವಿದ ಪೀಟರ್ ಮ್ಯಾಕ್ಸ್ ಇದ್ದಾರೆ. 1953ರಿಂದ 1989ರವರೆಗಿನ 36 ಕಾರ್ವೆಟ್‌ಗಳನ್ನು ವಿಎಚ್1 ಚಾನೆಲ್ ಬಹುಮಾನವಾಗಿ ಇಟ್ಟಿತ್ತು. ವರ್ಷಕ್ಕೊಂದರಂತೆ, 1983 ಒಂದು ಬಿಟ್ಟು. ಯಾಕೆಂದರೆ ಆ ವರ್ಷದ ಕಾರು ಮಾರಾಟಕ್ಕೇ ಬರಲಿಲ್ಲ. ಗೆದ್ದವರಿಂದ ಮ್ಯಾಕ್ಸ್ ಅಷ್ಟನ್ನೂ ಕೊಂಡರು. ಅವುಗಳ ಮೇಲೆ ಚಿತ್ರ ಬಿಡಿಸುವ ಆಸೆ. ಬಿಡಿಸಲಿಲ್ಲ. ನ್ಯೂಯಾರ್ಕಿನ ಗ್ಯಾರೇಜಿನಿಂದ ಗ್ಯಾರೇಜಿಗೆ ಸಾಗಿಸುತ್ತಾ ದಶಕಗಳ ಕಾಲ ಧೂಳು ಹಿಡಿಸಿದರು. ಆಮೇಲೆ ಬೇರೆಯವರು ಕೊಂಡು, ರಿಪೇರಿ ಮಾಡಿಸಿ, 2020ರಲ್ಲಿ ಲಾಟರಿ ಮೂಲಕ ಹೊಸ ಮಾಲೀಕರಿಗೆ ಹಂಚಿದರು.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಯಾರಾದರೂ ಕೊಳ್ಳುವ ಯೋಚನೆಯಲ್ಲಿದ್ದರೆ, ನನ್ನ ಆಯ್ಕೆ 1990ರ ದಶಕದ ಕಾರ್ವೆಟ್ ಜೆಡ್‌ಆರ್-1. ಬ್ರಿಟನ್ನಿನ ಕಾರು ಕಂಪನಿ ಲೋಟಸ್ ಜತೆ ಸೇರಿ ವಿನ್ಯಾಸ ಮಾಡಿದ ಇಂಜಿನ್, ಓಕ್ಲಹಾಮದಲ್ಲಿ ದೋಣಿ ಇಂಜಿನ್ ಮಾಡುವ ಮರ್ಕ್ಯುರಿ ಮರೀನ್ ಜೋಡಿಸಿದ್ದು. 1990ರ ಕಾರಿಗೆ 375 ಅಶ್ವಶಕ್ತಿ. ಒಟ್ಟು ಆರು ವರ್ಷದಲ್ಲಿ 6,939 ಬಂದವು. ಇದನ್ನೂ ಜನ ಬೆಲೆ ದುಪ್ಪಟ್ಟಾಗುವ ಆಸೆಯಿಂದ ಕೂಡಿಟ್ಟರು. ಹಾಗಾಗಿ ಕಡಿಮೆ ಮೈಲಿಯವು ಬೇಕಾದಷ್ಟಿವೆ. ಅವನ್ನು ದಾಟಿ ಮುಂದೆ ಹೋಗಿ. 40–50 ಸಾವಿರ ಮೈಲಿ ಓಡಿದ, ಒಂದೇ ಕೈಯಲ್ಲಿದ್ದ, ಸರ್ವೀಸ್ ರಸೀದಿಗಳ ದಪ್ಪ ಫೈಲ್ ಇರುವ ಕಾರು ಹುಡುಕಿ. ಉಳಿದ ದುಡ್ಡಿನಲ್ಲಿ ಹೊಸ ಟೈರು, ಹೊಸ ಬ್ರೇಕ್ ಪೈಪು ಹಾಕಿಸಿ. ಇಂಧನದ ಇಂಜೆಕ್ಟರುಗಳನ್ನೂ ನೋಡಿಸಿ, ಇಂದಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆಯವಕ್ಕೆ ಆಗಿಬರುವುದಿಲ್ಲ. ಈಗಾಗಲೇ ಓಡದ ಕಾರು ಕೊಂಡು ಇಟ್ಟುಕೊಂಡಿದ್ದರೆ, ರಿಪೇರಿಯಲ್ಲಿ ಕಿತ್ತ ಹಳೇ ಭಾಗಗಳನ್ನು ಹೆಸರು ಬರೆದು ಪೆಟ್ಟಿಗೆಯಲ್ಲಿಡಿ. ಮುಂದೆ ಕೊಳ್ಳುವವರು ಕೇಳಿಯೇ ಕೇಳುತ್ತಾರೆ. ಮೊದಲು ಬ್ರೇಕ್ ಸರಿ ಮಾಡಿಸಿ, ಆಮೇಲೆ ಭಾನುವಾರ ಬೆಳಿಗ್ಗೆ ಹೊರಗೆ ತೆಗೆಯಿರಿ.