ನಿದ್ದೆಯಲ್ಲಿ ತೆಗೆದ ಚಿತ್ರ

ಕೇಳುಗರಿಗೆ ನಮಸ್ಕಾರ. ಬಳ್ಳಾರಿಯಲ್ಲಿ ಎಂಆರ್‌ಐ ಚಿತ್ರಗಳನ್ನು ಓದಿ ವರದಿ ಬರೆಯುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಗಂಗಾವತಿ ಕಡೆಯ ರೈತರೊಬ್ಬರನ್ನು ಮನೆಯವರು ಕರೆದುಕೊಂಡು ಬಂದರು. ವಯಸ್ಸು 42. ಕೂತರೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆಡುತ್ತವೆ, ಭುಜ ಹಾರುತ್ತದೆ, ನಡೆದರೆ ಕಾಲು ತೂರಾಡುತ್ತವೆ. ನಾನು ಏನೂ ಕೇಳುವ ಮೊದಲೇ ಮಗಳು ಹೇಳಿದಳು: “ಮೇಡಂ, ನಮ್ಮಪ್ಪ ಕುಡಿಯಂಗಿಲ್ರಿ.” ಬಸ್ಸಿನಲ್ಲಿ, ಸಂತೆಯಲ್ಲಿ, ಬೀಗರ ಮನೆಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದಳೋ ಪಾಪ.

ಅಜ್ಜಿಗೂ ಹೀಗೇ ಆಗಿತ್ತಂತೆ. ಹುಲಿಗೆಮ್ಮನಿಗೆ ಹರಕೆ ಹೊತ್ತು, ಮನೆಮಂದಿ ದೀಡ್ ನಮಸ್ಕಾರ ಹಾಕಿದ್ದರಂತೆ. ಅಜ್ಜಿಗೆ ಆದದ್ದೇ ಮಗನಿಗೂ ಆಗಿದೆ ಎಂದಾಗ ನನಗೆ ಹಂಟಿಂಗ್ಟನ್ ರೋಗದ ಅನುಮಾನ ಬಂತು. ಅದು ವಂಶದಲ್ಲಿ ಹರಿದು ಬರುವ ಮಿದುಳಿನ ಕಾಯಿಲೆ. 1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಎಂಬ 22 ವರ್ಷದ ಅಮೆರಿಕದ ವೈದ್ಯ ಇದನ್ನು ವಿವರಿಸಿ ಬರೆದ. ಕಾರಣವಾದ ಜೀನ್ ಸಿಕ್ಕಿದ್ದು 1993ರಲ್ಲಿ. ಅದರಲ್ಲಿ ಸಿಎಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 40 ಅಥವಾ ಅದಕ್ಕಿಂತ ಹೆಚ್ಚು ಸಲ ಬಂದರೆ ರೋಗ ಬಂದೇ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸೋದರಮಾವನಿಗೆ ಕೊಟ್ಟಿದ್ದಕ್ಕೆ ಹೀಗಾಯಿತು ಎಂದು ನಮ್ಮ ಕಡೆ ಹೆಣ್ಣಿನ ಮನೆಯವರನ್ನು ದೂರುತ್ತಾರೆ. ಈ ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಂದ ಬಂದ ಜೀನಿನ ಒಂದೇ ಕೆಟ್ಟ ಪ್ರತಿ ಸಾಕು.

ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಬೇಕು. ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. ಅವರಿಗೆ ಅದು ಸಾಧ್ಯವೇ ಇರಲಿಲ್ಲ, ವೈದ್ಯರ ಎದುರಿನಲ್ಲೇ ಮಂಪರಿನ ಔಷಧಿ ಕೊಡಬೇಕಾಯಿತು. ನಿದ್ದೆ ಹತ್ತಿದ ಕೂಡಲೇ ಆ ಕೈಕಾಲೆಲ್ಲ ನಿಂತವು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ರಾತ್ರಿ ಮಲಗಿದಾಗಷ್ಟೇ ಮೊದಲಿನಂಗ ಕಾಣ್ತಾರ್ರಿ” ಎಂದರು.

ಚಿತ್ರದಲ್ಲಿ ಏನಿತ್ತು? ಮಿದುಳಿನ ನಡುವೆ ತಿಳಿ ದ್ರವ ತುಂಬಿದ ಎರಡು ಕುಳಿಗಳಿವೆ, ಪರದೆಯ ಮೇಲೆ ಕಪ್ಪಗೆ ಕಾಣುತ್ತವೆ. ಕಾಡೇಟ್ ಎಂಬ ಬೂದುಬಣ್ಣದ ಮಿದುಳಿನ ಭಾಗ ಹೊರಬದಿಯಿಂದ ಅವುಗಳೊಳಕ್ಕೆ ಉಬ್ಬಿಕೊಂಡಿರುತ್ತದೆ. ನಮ್ಮ ಚಲನೆಯನ್ನು ಹದದಲ್ಲಿಡುವ ಭಾಗಗಳಲ್ಲಿ ಅದೂ ಒಂದು. ಎಡದಂಡೆ ಕಾಲುವೆಯ ಏರಿ ಸವೆದರೆ ನೀರು ಅಗಲಕ್ಕೆ ಹರಡುವುದನ್ನು ನೀವು ನೋಡಿದ್ದೀರಿ. ಇಲ್ಲಿಯೂ ಹಾಗೇ. ಕಾಡೇಟಿನ ಉಬ್ಬು ಕರಗಿ ಗೋಡೆ ಚಪ್ಪಟೆಯಾಗಿತ್ತು, ಕುಳಿ ಪೆಟ್ಟಿಗೆಯಂತೆ ಚೌಕಾಗಿತ್ತು. ಪಕ್ಕದ ಪ್ಯುಟಾಮೆನ್ ಎಂಬ ಭಾಗ ಕೂಡ ಕುಗ್ಗಿತ್ತು.

ಎರಡು ವರ್ಷ ಹಿಂದೆ ಬೇರೊಂದು ಕಡೆ ತೆಗೆಸಿದ್ದ ಫಿಲ್ಮ್ ಚೀಲದಲ್ಲಿತ್ತು. ಗಡ್ಡೆಯಿಲ್ಲ, ರಕ್ತಸ್ರಾವವಿಲ್ಲ ಎಂದು ಬರೆದು ಕಳಿಸಿದ್ದರು. ಅದು ನಿಜವೇ. ಆದರೆ ಅದೇ ಫಿಲ್ಮಿನಲ್ಲಿ ಕಾಡೇಟ್ ಆಗಲೇ ಸಣ್ಣಗಾಗಿತ್ತು. ಅಜ್ಜಿಯ ಕಥೆ ಯಾರೂ ಕೇಳಿರಲಿಲ್ಲ. “ತಲ್ಯಾಗ ಏನೂ ಇಲ್ಲ” ಎಂಬ ಮಾತು ಹಿಡಿದು ಊರಿನವರು ಅವರನ್ನು ಕುಡುಕನೆಂದೇ ತೀರ್ಮಾನಿಸಿದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಈ ಸವಕಳಿ ಬಹಳ ಮೊದಲೇ ಶುರುವಾಗುತ್ತದೆ. 2008ರಲ್ಲಿ ಲಂಡನ್, ಪ್ಯಾರಿಸ್, ಲೈಡನ್, ವ್ಯಾಂಕೂವರ್ ನಗರಗಳಲ್ಲಿ ಆರಂಭವಾದ ಟ್ರ್ಯಾಕ್-ಎಚ್‌ಡಿ ಅಧ್ಯಯನದಲ್ಲಿ, ಲಕ್ಷಣ ಕಾಣಿಸಿಕೊಳ್ಳಲು ಹತ್ತು ವರ್ಷಕ್ಕಿಂತ ಹೆಚ್ಚು ಇದ್ದವರಲ್ಲೂ ಈ ಭಾಗ ಕುಗ್ಗಿದ್ದು ಕಂಡುಬಂತು.

ಇದನ್ನು ಕೇಳಿದ ಮಗಳು, “ಹಂಗಾದ್ರ ನಂದೂ ತಗೀರಿ ಮೇಡಂ” ಅಂದಳು. ನಾನು ಒಪ್ಪಲಿಲ್ಲ. ನೂರಾರು ಜನರ ಅಳತೆ ಸೇರಿಸಿದಾಗ ಕಾಣುವ ಸಣ್ಣ ವ್ಯತ್ಯಾಸ ಒಬ್ಬಳ ಚಿತ್ರದಲ್ಲಿ ಕಾಣದೇ ಹೋಗಬಹುದು. ಕಾಣಲಿಲ್ಲವೆಂದು ಧೈರ್ಯ ಕೊಟ್ಟರೆ ಸುಳ್ಳಾದೀತು. ಖಚಿತವಾಗಿ ಹೇಳುವುದು ರಕ್ತದ ಜೀನ್ ಪರೀಕ್ಷೆ. ಅದಕ್ಕೂ ಮೊದಲು ಆಪ್ತ ಸಮಾಲೋಚನೆ ಆಗಲೇಬೇಕು; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ವ್ಯವಸ್ಥೆಯಿದೆ. ತಿಳಿದುಕೊಳ್ಳುವುದು ಅವಳ ಹಕ್ಕು, ತಿಳಿಯದೇ ಇರುವುದೂ ಅವಳ ಹಕ್ಕು.

ರೋಗವನ್ನು ನಿಲ್ಲಿಸುವ ಔಷಧಿ ಇನ್ನೂ ಕೈಗೆ ಬಂದಿಲ್ಲ. ಟೆಟ್ರಾಬೆನಜಿನ್ ಮಾತ್ರೆಯಿಂದ ಅವರ ಕೈಕಾಲಿನ ಆಟ ಕಡಿಮೆಯಾಗಿದೆ. ರೊಟ್ಟಿ ಗಂಟಲಲ್ಲಿ ಸಿಕ್ಕುತ್ತದೆಂದು ಹೆಂಡತಿ ಈಗ ಅದನ್ನು ಸಾರಿನಲ್ಲಿ ಮೆತ್ತಗೆ ಕಲಸಿ ಕೊಡುತ್ತಾರೆ. ವರದಿಯಲ್ಲಿ ರೋಗದ ಹೆಸರನ್ನು ಕನ್ನಡದಲ್ಲೂ ಬರೆದುಕೊಡಿ ಎಂದು ಮಗಳು ಕೇಳಿದಳು, ಬರೆದುಕೊಟ್ಟೆ. ಅದನ್ನು ಪ್ಲಾಸ್ಟಿಕ್ ಹಾಕಿಸಿ ಅಪ್ಪನ ಅಂಗಿಯ ಜೇಬಿನಲ್ಲಿಟ್ಟಿದ್ದಾಳೆ, ಬಸ್ಸಿನಲ್ಲಿ ಕೇಳಿದವರಿಗೆ ತೋರಿಸಲು. ತನ್ನ ಪರೀಕ್ಷೆಯ ಬಗ್ಗೆ ಅವಳು ಇನ್ನೂ ಏನೂ ಹೇಳಿಲ್ಲ. ನಾನೂ ಕೇಳಿಲ್ಲ.